ಭಾವನವರ ಕಳೆಯಿಲ್ಲದ ಪಾತಿ

ನಮ್ಮ ಭಾವನವರಿಗೆ ಹೊಟ್ಟೆಯುರಿ ಶುರುವಾದದ್ದು ಒಂದು ಭಾನುವಾರ ಬೆಳಿಗ್ಗೆ ಏಳೂಕಾಲು ಗಂಟೆಗೆ. ಇಷ್ಟು ಕರಾರುವಾಕ್ಕಾಗಿ ಹೇಗೆ ಹೇಳುತ್ತೇನೆಂದರೆ, ಆಗ ನಾನು ಮಹಡಿ ಮೆಟ್ಟಿಲ ಮೇಲೆ ಕೂತು ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದೆ. ಕೆಳಗೆ ಅಂಗಳದಲ್ಲಿ ನಮ್ಮಕ್ಕ, ಪಕ್ಕದ ಮನೆಯ ಗೋಡೆಗೆ ಒರಗಿಕೊಂಡು ಆ ಕಡೆ ಬಗ್ಗಿ ನೋಡಿ, "ಅಬ್ಬಾ, ಒಂದೇ ಒಂದು ಕಳೆ ಇಲ್ವಲ್ಲ ಸಾರ್!" ಎಂದಳು. ಭಾವನವರು ನಲ್ಲಿಯ ಹತ್ತಿರ ಹಲ್ಲುಜ್ಜುತ್ತಿದ್ದವರು ಹಾಗೇ ನಿಂತುಬಿಟ್ಟರು. ಬ್ರಷ್ಷು ಬಾಯಲ್ಲೇ ಇತ್ತು.

ಪಕ್ಕದ ಮನೆಯವರು ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. ಒಂಟಿ ಜೀವ. ಬೀದಿಯವರಿಗೆಲ್ಲ ಅವರು ಗಾರ್ಡ್ ಸಾರ್. ಗೇಟಿನಿಂದ ಜಗುಲಿಯವರೆಗೆ ಅವರದೊಂದು ಹೂವಿನ ಪಾತಿ, ಸುತ್ತ ಓರೆಯಾಗಿ ನೆಟ್ಟ ಇಟ್ಟಿಗೆ, ಒಳಗೆ ಮೂರು ಇಂಚು ದಪ್ಪಕ್ಕೆ ಮರದ ಚಕ್ಕೆಯ ಹೊದಿಕೆ. ಹೊದಿಕೆಯ ಮೇಲೆ ಹೂವಿನ ಗಿಡ ಬಿಟ್ಟರೆ ಒಂದು ಹುಲ್ಲುಕಡ್ಡಿ ಕೂಡ ತಲೆ ಎತ್ತುತ್ತಿರಲಿಲ್ಲ. ಅಕ್ಕ ಆ ಬೆಳಿಗ್ಗೆ ಅವರನ್ನು ಹದಿನೈದು ಪ್ರಶ್ನೆ ಕೇಳಿದಳು. ಚಕ್ಕೆ ಎಲ್ಲಿಂದ ತರ್ತೀರಿ, ಎಷ್ಟು ದಿನಕ್ಕೊಮ್ಮೆ ನೀರು, ಗಿಡದ ಬುಡಕ್ಕೆ ಯಾಕೆ ತಾಗಿಸಿಲ್ಲ, ಹೀಗೆ. ಗಾರ್ಡ್ ಸಾರ್ ಕೈ ಹಿಂದೆ ಕಟ್ಟಿಕೊಂಡು ಒಂದೊಂದಕ್ಕೂ ನಿಧಾನವಾಗಿ ಉತ್ತರ ಕೊಟ್ಟರು.

ತಿಂಡಿಗೆ ಕೂತಾಗ ಭಾವನವರು ನನ್ನನ್ನು ಕೇಳಿದರು: "ಲೋ, ಮದುವೆಯಾಗಿ ಹದಿನೆಂಟು ವರ್ಷ ಆಯ್ತು. ನಿಮ್ಮಕ್ಕ ನನ್ನನ್ನ ಒಂದು ಸಲನಾದ್ರೂ ಆ ದನೀಲಿ ಏನಾದ್ರೂ ಕೇಳಿದಾಳೇನೋ?"

"ಕೇಳಿದಾಳಲ್ಲ ಭಾವ, ಮೊನ್ನೆ ತಾನೇ. ಗ್ಯಾಸ್ ಬುಕ್ ಮಾಡಿದ್ರಾ ಅಂತ."

"ಆ ದನೀಲಿ ಕೇಳ್ಲಿಲ್ಲ."

ಆಮೇಲೆ ತಟ್ಟೆ ಪಕ್ಕಕ್ಕೆ ಸರಿಸಿ, ಕೋರ್ಟಿನಲ್ಲಿ ಹೇಳಿಕೆ ಕೊಡುವವರ ಗಾಂಭೀರ್ಯದಲ್ಲಿ ಹೇಳಿದರು: "ನನಗೆ ಬೇರೆ ಏನೂ ಬೇಡ ಕಣೋ. ಬಡ್ತಿ ಬೇಡ, ಸನ್ಮಾನ ಬೇಡ. ಆ ಗಾರ್ಡು ಒಂದೇ ಒಂದು ದಿನ ನಮ್ಮ ಪಾತಿ ನೋಡಿ ಹೊಟ್ಟೆ ಉರ್ಕೋಬೇಕು. ಅಷ್ಟಾದ್ರೆ ಸಾಕು." ನಮಗೆ ಪಾತಿಯೇ ಇಲ್ಲವೆಂದು ನಾನು ನೆನಪಿಸಿದೆ. ಹನ್ನೊಂದು ಗಂಟೆಯೊಳಗೆ ಗೇಟಿನ ಪಕ್ಕದಲ್ಲಿ ಒಂದು ಪಾತಿ ಇತ್ತು.

ಭಾವನವರ ಉದ್ಯೋಗದ ಬಗ್ಗೆ ಇಲ್ಲಿ ಎರಡು ಮಾತು ಹೇಳಬೇಕು. ಅವರು ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಪ್ರೂಫ್ ರೀಡರ್. ಕರಪತ್ರ, ಲಗ್ನಪತ್ರಿಕೆ, ಔಷಧಿ ಚೀಟಿ, ಏನೇ ಅಚ್ಚಾಗಲಿ ಅವರ ಕೆಂಪು ಪೆನ್ನಿನ ಕೆಳಗೆ ಹಾದು ಹೋಗಬೇಕು. ತಪ್ಪು ಹಿಡಿಯುವುದರಲ್ಲಿ ಎತ್ತಿದ ಕೈ. ಆದರೆ ಅವರು ಓದುವುದು ಕೊನೆಯ ಸಾಲಿನಿಂದ ಮೊದಲ ಸಾಲಿಗೆ, ಬಲದಿಂದ ಎಡಕ್ಕೆ, ಒಂದೊಂದೇ ಪದ, ಮೂಲ ಪ್ರತಿಗೆ ತಾಳೆ ಹಾಕುತ್ತ. ಅರ್ಥ ಹಿಡಿದು ಓದಿದರೆ ಕಣ್ಣು ಮುಂದೆ ಓಡಿ ತಪ್ಪು ಜಾರಿ ಹೋಗುತ್ತದಂತೆ. ಹೀಗಾಗಿ ಇಪ್ಪತ್ತೆರಡು ವರ್ಷದಿಂದ ಊರಿನಲ್ಲಿ ಅಚ್ಚಾದದ್ದನ್ನೆಲ್ಲ ಓದಿಯೂ ಅದರಲ್ಲಿ ಏನಿತ್ತೆಂದು ಅವರಿಗೆ ಗೊತ್ತಿಲ್ಲ. ಒಮ್ಮೆ ತಮ್ಮ ಸ್ವಂತ ಚಿಕ್ಕಪ್ಪ ತೀರಿಕೊಂಡ ಸುದ್ದಿಯ ಕಾರ್ಡನ್ನು ಮೂರು ಸಲ ತಿದ್ದಿ ಮನೆಗೆ ಬಂದು, "ಚಿಕ್ಕಪ್ಪನಿಗೆ ಒಂದು ಕಾಗದ ಬರೀಬೇಕು, ತುಂಬ ದಿನ ಆಯ್ತು" ಎಂದವರು ಅವರು.

ಪಾತಿಯ ಮೊದಲ ಪ್ರಯತ್ನ ನೋಡುವಂತಿತ್ತು. ಅಗೆದ ಮಣ್ಣಿನಲ್ಲಿದ್ದ ಗರಿಕೆ, ಜೇಕು ಎಲ್ಲವನ್ನೂ ಹಾಗೇ ಬಿಟ್ಟು ಸಸಿ ನೆಟ್ಟು, ಅದರ ಮೇಲೆ ಬಡಗಿಯ ಹತ್ತಿರ ತಂದ ಚಕ್ಕೆಯನ್ನು ತೆಳ್ಳಗೆ ಚಿಮುಕಿಸಿದರು. ಒಂದು ವಾರಕ್ಕೆ ಕಳೆ ನಮ್ಮ ಮೊಣಕಾಲು ಮುಟ್ಟಿತು. ಗೋಡೆಯಾಚೆಯಿಂದ ಗಾರ್ಡ್ ಸಾರ್ ಬಗ್ಗಿ ನೋಡಿ, "ಮೊದಲು ಬೇರು ಸಮೇತ ಕೀಳಬೇಕಾಗಿತ್ತು. ಪರವಾಗಿಲ್ಲ, ಹುಲ್ಲು ಚೆನ್ನಾಗಿ ಬಂದಿದೆ" ಎಂದರು. ಭಾವನವರು ಆ ದಿನ ಊಟ ಮಾಡಲಿಲ್ಲ.

ಎರಡನೆಯ ಸಲ ಬೇರು ಕಿತ್ತರು. ಆದರೆ ಗಾರ್ಡ್ ಮೂರು ಇಂಚು ಹಾಕಿದ್ದರೆ ತಾವು ಒಂದು ಅಡಿ ಹಾಕಬೇಕೆಂದು ಹಠ. ಗಿಡಗಳ ಕುತ್ತಿಗೆವರೆಗೆ ಚಕ್ಕೆ ಒಟ್ಟಿ ನೀರು ಹೊಯ್ದರು. ಕಳೆ ಬರಲಿಲ್ಲ ನಿಜ, ಹೂವೂ ಬರಲಿಲ್ಲ. ಹತ್ತನೆಯ ದಿನ ಚಕ್ಕೆ ಸರಿಸಿ ನೋಡಿದರೆ ಚೆಂಡುಹೂವಿನ ಸಸಿಗಳೆಲ್ಲ ಬುಡ ಕೊಳೆತು ಮಲಗಿದ್ದವು. "ಉಸಿರಾಡೋಕೆ ಜಾಗ ಬೇಕಲ್ವಾ ಪಾಪ," ಎಂದು ಅಕ್ಕ ಹೇಳಿದಳು. ಹೇಳಿ ಸುಮ್ಮನಿರದೆ, "ಗಾರ್ಡ್ ಸಾರ್ ಬುಡದ ಸುತ್ತ ನಾಲ್ಕು ಬೆರಳು ಬಿಟ್ಟಿರ್ತಾರೆ," ಎಂದೂ ಸೇರಿಸಿದಳು.

ಮೂರನೆಯ ಉಪಾಯ ಪ್ರೆಸ್ಸಿನಿಂದ ಬಂತು. ಅಲ್ಲಿನ ಬೈಂಡರ್ ಒಬ್ಬ ಹೇಳಿದನಂತೆ: ಮಣ್ಣಿನ ಮೇಲೆ ಮೊದಲು ಕಾಗದ ಹಾಸಬೇಕು, ಒಂದರ ಅಂಚಿನ ಮೇಲೆ ಇನ್ನೊಂದು ಬರಬೇಕು, ಚೆನ್ನಾಗಿ ನೆನೆಸಬೇಕು, ಅದರ ಮೇಲೆ ಚಕ್ಕೆ. ಬಿಸಿಲು ಕಾಣದೆ ಕಳೆ ಒಳಗೇ ಸಾಯುತ್ತದೆ, ಕಾಗದ ನಿಧಾನಕ್ಕೆ ಮಣ್ಣಾಗುತ್ತದೆ. ಭಾವನವರ ಕಣ್ಣು ಹೊಳೆಯಿತು. ಕಾಗದಕ್ಕೇನು ಬರವೇ? ಅವರ ಮೇಜಿನ ಕೆಳಗೇ ವೇಸ್ಟ್ ಹಾಳೆಯ ಒಂದು ದಪ್ಪ ಕಟ್ಟು ಬಿದ್ದಿತ್ತು, ಸೊಗಸಾದ ದಪ್ಪ ಕಾಗದ. ಶನಿವಾರ ಸಂಜೆ ಅದು ನನ್ನ ಸೈಕಲ್ಲಿನ ಹಿಂದೆ ಕೂತು ಮನೆಗೆ ಬಂತು.

ಹಾಸುವಾಗ ನಾನು ಅಚ್ಚಾದ ಮಗ್ಗುಲನ್ನು ಮೇಲೆ ಮಾಡಿ ಇಟ್ಟೆ. ಭಾವನವರು ಸಿಡುಕಿದರು. "ಕವುಚಿ ಹಾಕೋ! ಅಕ್ಷರ ಕಂಡ್ರೆ ನನಗೆ ತಪ್ಪು ಕಾಣುತ್ತೆ, ತಪ್ಪು ಕಂಡ್ರೆ ಕೆಲಸ ನಿಲ್ಲುತ್ತೆ." ಹಾಗಾಗಿ ಎಲ್ಲ ಹಾಳೆಯನ್ನೂ ಕವುಚಿ ಹಾಸಿದೆವು. ನಾನು ಯಾಕೆ ಓದಲಿಲ್ಲ ಎಂದು ಆಮೇಲೆ ಬಹಳ ಜನ ನನ್ನನ್ನು ಕೇಳಿದ್ದಾರೆ. ಆರು ದಿನ ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳಿಗೆ ಅಕ್ಷರ ತೋರಿಸಿ ತೋರಿಸಿ ಸಾಕಾಗಿರುತ್ತದೆ, ಭಾನುವಾರ ನಾನು ಏನನ್ನೂ ಓದುವುದಿಲ್ಲ.

ಇಲ್ಲೇ ಓದುಗರಿಗೆ ತಿಳಿಸಿಬಿಡುವುದು ಒಳ್ಳೆಯದು. ಆ ಕಟ್ಟಿನಲ್ಲಿದ್ದದ್ದು ನಮ್ಮ ಬಡಾವಣೆಯ ಶಾಲೆಯ ಏಳನೇ ತರಗತಿಯ ಗಣಿತದ ಪ್ರಶ್ನೆಪತ್ರಿಕೆ. ಪರೀಕ್ಷೆಗೆ ಇನ್ನೂ ಮೂರು ವಾರ ಇತ್ತು.

ಕಾಗದದ ಕೆಲಸವನ್ನು ಮೆಚ್ಚಲೇಬೇಕು. ಹತ್ತು ದಿನವಾದರೂ ಪಾತಿಯಲ್ಲಿ ಒಂದು ಕಳೆ ಇಲ್ಲ. ಹೊಸದಾಗಿ ನೆಟ್ಟ ದೊಡ್ಡ ಸಸಿಗಳು ಮೊಗ್ಗು ಬಿಟ್ಟವು. ಭಾವನವರು ದಿನಕ್ಕೆ ನಾಲ್ಕು ಸಲ ಗೇಟು ತೆಗೆದು ಮುಚ್ಚಿ, ಸದ್ದಿಗೆ ಗಾರ್ಡ್ ಸಾರ್ ಹೊರಗೆ ಬರುತ್ತಾರೋ ಎಂದು ನೋಡುತ್ತಿದ್ದರು. ಗಾರ್ಡ್ ಸಾರ್ ಬರಲಿಲ್ಲ. ಬಂದದ್ದು ಎದುರು ಮನೆಯ ಟೈಲರಮ್ಮ.

ಅಕ್ಕನ ರವಿಕೆ ಕೊಡಲು ಬಂದ ಆಕೆ ಗೇಟಿನ ಹತ್ತಿರ ನಿಂತಳು. ಯಾವುದೋ ಹಕ್ಕಿ ಚಕ್ಕೆ ಕೆದಕಿ ಒಂದು ಹಾಳೆಯ ಮೂಲೆ ಮಗುಚಿಕೊಂಡಿತ್ತು. ಟೈಲರಮ್ಮ ಬಗ್ಗಿದಳು. ಇನ್ನೂ ಬಗ್ಗಿದಳು. ಆಕೆಯ ಮಗಳು ಏಳನೇ ತರಗತಿಯಲ್ಲಿದ್ದಳು.

"ಅಣ್ಣ, ಈ ಹಾಳೆ… ಪ್ರೆಸ್ಸಿಂದ ತಂದಿದ್ದಾ?"

"ಹೂಂ ಮತ್ತೆ!" ಎಂದರು ಭಾವನವರು, ಎದೆ ಉಬ್ಬಿಸಿ. "ಗುಟ್ಟೇ ಅದು. ಪಾತಿ ಉದ್ದಕ್ಕೂ ಹಾಸಿದೀನಿ. ಯಾರಿಗೂ ಹೇಳ್ಬೇಡಿ."

"ಅಯ್ಯೋ, ಹೇಳ್ತೀನಾ ಅಣ್ಣ!" ಎಂದು ಟೈಲರಮ್ಮ ಗಲ್ಲ ಬಡಿದುಕೊಂಡಳು. ಆಮೇಲೆ ಮೆಲ್ಲಗೆ, "ನೀವೊಬ್ರೇ ಎಷ್ಟು ಅಂತ ಕಷ್ಟಪಡ್ತೀರಿ? ನಾನು ದಿನಾ ಬೆಳಿಗ್ಗೆ ಬಂದು ಕಳೆ ಕಿತ್ತು ಕೊಡ್ಲಾ?" ಎಂದಳು.

"ಕಳೆ ಇಲ್ವಲ್ಲ."

"ಇಲ್ಲದೆ ಇರೋ ಹಾಗೆ ನೋಡ್ಕೋತೀನಿ."

ಮಾರನೆಯ ಬೆಳಿಗ್ಗೆ ಟೈಲರಮ್ಮ ಬಂದಳು. ಅದರ ಮಾರನೆಯ ಬೆಳಿಗ್ಗೆ ಟೈಲರಮ್ಮ, ಆಕೆಯ ನಾದಿನಿ, ಮತ್ತು ಆಸ್ಪತ್ರೆಯ ಕಾಂಪೌಂಡರ್. ನಾಲ್ಕನೆಯ ದಿನಕ್ಕೆ ಏಳನೇ ತರಗತಿಯ ಮಕ್ಕಳಿದ್ದ ಮನೆಗಳಿಂದೆಲ್ಲ ತಂದೆ ತಾಯಿ ನಮ್ಮ ಗೇಟಿನ ಹತ್ತಿರ ಇದ್ದರು. ಯಾರೂ ಯಾರಿಗೂ ಏನೂ ಹೇಳಿರಲಿಲ್ಲ. ಎಲ್ಲರೂ ಹೂವಿನ ಮೇಲಿನ ಪ್ರೀತಿಯಿಂದ ಬಂದವರು. ಪಾತಿಯ ಸುತ್ತ ಕುಕ್ಕರಗಾಲಲ್ಲಿ ಕೂತು, ಚಕ್ಕೆಯೊಳಗೆ ಮೊಣಕೈವರೆಗೆ ಕೈ ತೂರಿಸಿ, ಮುಖವನ್ನು ಮಾತ್ರ ಭಾವನವರ ಕಡೆ ತಿರುಗಿಸಿಕೊಂಡಿರುತ್ತಿದ್ದರು. ಒಂದು ಗಿಡದ ಎಲೆ ಕೂಡ ಮುರಿಯದಂತೆ ಎಚ್ಚರ ವಹಿಸುತ್ತಿದ್ದರು, ಯಾಕೆಂದರೆ ಗಿಡ ಮುರಿದರೆ ನಾಳೆ ಒಳಗೆ ಬಿಡುವುದಿಲ್ಲ.

ಭಾವನವರು ಇಟ್ಟಿಗೆ ಮೇಲೆ ನಿಂತು ಭಾಷಣ ಮಾಡುತ್ತಿದ್ದರು. "ಕಳೆ ಬಂದ ಮೇಲೆ ಕೀಳೋದು ದಡ್ಡರ ಕೆಲಸ. ಬರದ ಹಾಗೆ ಮಾಡ್ಬೇಕು. ಬೀಜಕ್ಕೆ ಏನು ಬೇಕು? ಬಿಸಿಲು. ಬಿಸಿಲಿಗೆ ಅಡ್ಡ ಏನು? ಹೊದಿಕೆ."

"ಎಂಥ ಮಾತು ಅಣ್ಣ!" ಎಂದಳು ಟೈಲರಮ್ಮ, ಕೈ ಒಳಗೇ ಇಟ್ಟುಕೊಂಡು. ಸೆರಗಿನ ಮರೆಯಲ್ಲಿ ಏನೋ ಸರ್ರೆಂದಿತು.

"ನಿಮ್ಮಂಥೋರು ಈ ಬೀದಿಲಿರೋದು ಮಕ್ಕಳ ಪುಣ್ಯ," ಎಂದ ಕಾಂಪೌಂಡರ್. ಅವನ ಅಂಗಿ ಮುಂದುಗಡೆ ಸ್ವಲ್ಪ ಒದ್ದೆಯಾಗಿತ್ತು, ನಡೆದರೆ ಗರಗರ ಸದ್ದಾಗುತ್ತಿತ್ತು.

ಸುಖ ಎಂದರೆ ಅದು. ಭಾವನವರು ಪ್ರೆಸ್ಸಿಗೆ ಅರ್ಧ ಗಂಟೆ ತಡವಾಗಿ ಹೋಗತೊಡಗಿದರು. ಮೀಸೆಗೆ ಬಣ್ಣ ಹಚ್ಚಿದರು. ಹಾಳೆಗಳು ದಿನದಿನಕ್ಕೆ ಕಡಿಮೆಯಾಗುತ್ತಿರುವುದನ್ನು ನಾನು ತೋರಿಸಿದರೆ, "ಮಣ್ಣು ತಿಂತಾ ಇದೆ ಕಣೋ! ಎಂಥ ಸಾರ ಇರಬೇಕು ನಮ್ಮ ಮಣ್ಣಲ್ಲಿ!" ಎಂದು ನನ್ನ ಬೆನ್ನು ತಟ್ಟಿದರು.

ಅಕ್ಕ ಇದನ್ನೆಲ್ಲ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದಳು. ಮೊದಲ ಎರಡು ದಿನ ನಗುತ್ತ ನೋಡಿದಳು. ಮೂರನೆಯ ದಿನ ನಗಲಿಲ್ಲ. ನಾಲ್ಕನೆಯ ದಿನ ನನ್ನನ್ನು ಕರೆದು, "ಆ ಟೈಲರಮ್ಮನಿಗೆ ಕೂರೋಕೆ ಬೇರೆ ಜಾಗ ಇಲ್ವೇನೋ? ಯಾವಾಗ ನೋಡಿದ್ರೂ ನಿಮ್ಮ ಭಾವನ ಕಾಲ ಹತ್ರಾನೇ ಯಾಕೆ?" ಎಂದಳು. ಆಮೇಲೆ, "ಇವರಾದ್ರೂ ಯಾಕೆ ಅವಳು ಅಣ್ಣ ಅಂದಾಗಲೆಲ್ಲ ಅಷ್ಟು ಹಲ್ಲು ಬಿಡಬೇಕು?" ಎಂದಳು. ಐದನೆಯ ದಿನ ಹಳದಿ ಸೀರೆ ಉಟ್ಟು, ಕೈಯಲ್ಲಿ ಚಹಾದ ಲೋಟ ಹಿಡಿದು ತಾನೇ ಹೊರಗೆ ಬಂದಳು. ಭಾವನವರಿಗೂ ಟೈಲರಮ್ಮನಿಗೂ ನಡುವೆ ಒಂದು ಮಣೆ ಹಾಕಿಕೊಂಡು ಕೂತಳು. ಕಾಂಪೌಂಡರ್ ಕೈ ಹಾಕಬೇಕೆಂದಿದ್ದ ಜಾಗ ಅದೇ ಆಗಿದ್ದರಿಂದ ಅವನಿಗೆ ಬಹಳ ತೊಂದರೆಯಾಯಿತು.

ಆದರೆ ನಿಜವಾದ ಸಂಕಟ ಗೋಡೆಯಾಚೆ ನಡೆದಿತ್ತು. ಗಾರ್ಡ್ ಸಾರ್‌ಗೆ ಶಾಲೆಗೆ ಹೋಗುವ ಮಕ್ಕಳಿರಲಿಲ್ಲ, ಆದ್ದರಿಂದ ಅವರಿಗೆ ಯಾರೂ ಏನೂ ಹೇಳಿರಲಿಲ್ಲ. ಅವರಿಗೆ ಕಂಡದ್ದು ಇಷ್ಟೇ: ಆರು ವರ್ಷದಿಂದ ತಾವು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡ ಪಾತಿಯ ಮುಂದೆ ಒಬ್ಬರೂ ಇಲ್ಲ, ಮೊನ್ನೆ ಮೊನ್ನೆ ಹುಲ್ಲು ಬೆಳೆದಿದ್ದವನ ಪಾತಿಯ ಮುಂದೆ ಜಾತ್ರೆ. ಮೊದಲು ಅವರು ತಮ್ಮ ಗೇಟನ್ನು ಅಗಲವಾಗಿ ತೆರೆದಿಟ್ಟರು. ಆಮೇಲೆ ಪಾತಿಯ ಪಕ್ಕ ಒಂದು ಬೆಂಚು ಹಾಕಿದರು. ಆಮೇಲೆ ಒಂದು ರಟ್ಟಿನ ಮೇಲೆ "ಹೂವು ನೋಡುವವರು ಒಳಗೆ ಬರಬಹುದು, ಕುಡಿಯಲು ನೀರಿದೆ" ಎಂದು ಬರೆದು ತೂಗುಹಾಕಿದರು. ಪೋಸ್ಟ್‌ಮ್ಯಾನ್ ಒಬ್ಬ ಬಂದು ನೀರು ಕುಡಿದು ಹೋದ.

ಭಾವನವರು ಇದನ್ನೆಲ್ಲ ಗಮನಿಸಲೇ ಇಲ್ಲ. ಯಾವ ಮನುಷ್ಯನ ಹೊಟ್ಟೆಯುರಿಗಾಗಿ ಇಷ್ಟೆಲ್ಲ ಮಾಡಿದರೋ ಆ ಮನುಷ್ಯನ ಕಡೆ ತಿರುಗಿ ನೋಡಲು ಅವರಿಗೆ ಪುರುಸೊತ್ತಿರಲಿಲ್ಲ.

ಹಾಳೆ ಪೂರ್ತಿ ಖಾಲಿಯಾದ ಮೇಲೆ ಖಾಲಿ ಮಣ್ಣಿನಿಂದ ಜೇಕು ಮತ್ತೆ ಇಣುಕಿತು. ಟೈಲರಮ್ಮ ಧೈರ್ಯ ಮಾಡಿ, "ಅಣ್ಣ, ಮುಂದಿನ ಕಟ್ಟು ಯಾವಾಗ ತರ್ತೀರಿ? ಬೇರೆ ಥರದ್ದು ಇದ್ರೆ ಇನ್ನೂ ಒಳ್ಳೇದು," ಎಂದಳು. ಭಾವನವರು ಆ ಸಂಜೆಯೇ ಇನ್ನೊಂದು ಕಟ್ಟು ತಂದು ಹಾಸಿದರು. ಮಾರನೆಯ ಬೆಳಿಗ್ಗೆ ಜನ ಐದೂವರೆಗೇ ಬಂದಿದ್ದರು. ಆದರೆ ಅದರಲ್ಲಿದ್ದದ್ದು ಹಲ್ಲುಪುಡಿಯ ಜಾಹೀರಾತು. ಬಹಳ ಜನ ಅಲ್ಲೇ ಎದ್ದು ಕೈ ಝಾಡಿಸಿಕೊಂಡು ಹೋದರು. ಕಾಂಪೌಂಡರ್ ಮಾತ್ರ, ಯಾತಕ್ಕೂ ಇರಲಿ, ಪ್ರಬಂಧಕ್ಕೆ ಬಂದರೂ ಬರಬಹುದು ಎಂದು ಒಂದು ಹಾಳೆ ಒಯ್ದ.

ಆಮೇಲೆ ಒಬ್ಬರೂ ಬರಲಿಲ್ಲ. ಭಾವನವರು ಬೆಳಿಗ್ಗೆ ಇಟ್ಟಿಗೆ ಮೇಲೆ ನಿಂತು ಕಾದರು. ಗೇಟು ತೆಗೆದು ಮುಚ್ಚಿದರು. ಕೊನೆಗೆ ಮುಖ ಕಪ್ಪಿಟ್ಟು, "ಗೊತ್ತಾಯ್ತು ಬಿಡು. ಎಲ್ರನ್ನೂ ಆ ಗಾರ್ಡು ಎಳ್ಕೊಂಡಿದಾನೆ" ಎಂದು ತುದಿಗಾಲಲ್ಲಿ ನಿಂತು ಗೋಡೆಯಾಚೆ ಇಣುಕಿದರು. ಆ ಕಡೆ ಗಾರ್ಡ್ ಸಾರ್ ಕೂಡ ತುದಿಗಾಲಲ್ಲಿ ನಿಂತು ಈ ಕಡೆ ಇಣುಕುತ್ತಿದ್ದರು. ಇಬ್ಬರ ಮೂಗಿನ ನಡುವೆ ಒಂದು ಗೇಣು ಅಂತರ. ಇಬ್ಬರೂ ಒಟ್ಟಿಗೇ ಕೆಳಗಿಳಿದರು.

ಪರೀಕ್ಷೆ ಮುಗಿದು ಮೂರನೆಯ ದಿನ, ಸಂಜೆ ನಾಲ್ಕೂವರೆಗೆ, ನಮ್ಮ ಗೇಟಿನ ಮುಂದೆ ಒಂದು ಆಟೋ ನಿಂತಿತು. ಇಳಿದವರು ಶಾಲೆಯ ಹೆಡ್‌ಮಿಸ್ಸು. ಕಂಕುಳಲ್ಲಿ ಉತ್ತರಪತ್ರಿಕೆಯ ಕಟ್ಟು. ಅವರ ಹಿಂದೆ ಬೆವರು ಒರೆಸಿಕೊಳ್ಳುತ್ತ ಪ್ರೆಸ್ಸಿನ ಯಜಮಾನರು. ಅವರ ಹಿಂದೆ, ಮಕ್ಕಳು ಬಾಯಿಬಿಟ್ಟು ಹೆಡ್‌ಮಿಸ್ಸು ಕರೆಸಿಕೊಂಡಿದ್ದರಿಂದ ತಪ್ಪಿಸಿಕೊಳ್ಳಲಾಗದೆ, ನಮ್ಮ ಹಳೆಯ ಅಭಿಮಾನಿಗಳೆಲ್ಲ ತಲೆ ತಗ್ಗಿಸಿಕೊಂಡು ಬಂದರು. ಭಾವನವರ ಮುಖ ಅರಳಿತು. "ಬನ್ನಿ ಬನ್ನಿ! ಎಲ್ಲಿ ಹೋಗಿದ್ರಿ ಇಷ್ಟು ದಿನ?" ಎಂದು ಗೇಟು ತೆಗೆದರು.

ಹೆಡ್‌ಮಿಸ್ಸು ಪೀಠಿಕೆ ಹಾಕಲಿಲ್ಲ. "ಹನ್ನೆರಡು ಆಳು ಆರು ದಿನದಲ್ಲಿ ಒಂದು ಬಾವಿ ತೋಡ್ತಾರೆ. ಎಂಟು ದಿನದಲ್ಲಿ ತೋಡೋಕೆ ಎಷ್ಟು ಆಳು ಬೇಕು?"

"ಒಂಬತ್ತು," ಎಂದಳು ಅಕ್ಕ ಜಗುಲಿಯಿಂದ.

"ಸರಿ. ನನ್ನ ಏಳನೇ ತರಗತಿಲಿ ನಲವತ್ತಮೂರು ಮಕ್ಕಳು. ಇಬ್ಬರು ಒಂಬತ್ತು ಅಂತ ಬರೆದಿದಾರೆ. ಮಿಕ್ಕ ನಲವತ್ತೊಂದು ಮಕ್ಕಳು ನಾಲ್ಕೂವರೆ ಆಳು ಅಂತ ಬರೆದಿದಾರೆ. ಅರ್ಧ ಆಳು ಬಾವಿ ತೋಡೋದನ್ನ ಇಲ್ಲಿ ಯಾರಾದ್ರೂ ನೋಡಿದೀರಾ?"

ಯಾರೂ ನೋಡಿರಲಿಲ್ಲ.

"ಅವರಲ್ಲೇ ಒಬ್ಬ ಕನ್ನಡ ಪೇಪರಿನ 'ನನ್ನ ಮೆಚ್ಚಿನ ಹವ್ಯಾಸ' ಅನ್ನೋ ಪ್ರಬಂಧದಲ್ಲಿ ವಸಡಿನ ರಕ್ತಸ್ರಾವ ಏಳೇ ದಿನದಲ್ಲಿ ಮಾಯ ಅಂತ ಬರೆದಿದಾನೆ," ಎಂದು ಹೆಡ್‌ಮಿಸ್ಸು ಕಾಂಪೌಂಡರನ ಕಡೆ ನೋಡಿದರು. ಕಾಂಪೌಂಡರ್ ಆಕಾಶ ನೋಡಿದ.

ಪ್ರೆಸ್ಸಿನ ಯಜಮಾನರು ಅಳುವ ದನಿಯಲ್ಲಿ ಬಿಡಿಸಿ ಹೇಳಿದರು. ಮೊದಲು ಅಚ್ಚು ಮಾಡುವಾಗ ಎಂಟು ದಿನದ ಬದಲು ಹದಿನಾರು ದಿನ ಎಂದು ಬಿದ್ದಿತ್ತು. ತಪ್ಪು ಹಿಡಿದು ತಿದ್ದಿದವರು ಭಾವನವರೇ. ಅಷ್ಟರಲ್ಲಿ ಮೆಷಿನ್ನಿನಲ್ಲಿ ಹೋಗಿದ್ದ ತಪ್ಪು ಹಾಳೆಗಳನ್ನು ಕಟ್ಟು ಕಟ್ಟಿ, ಚೂರು ಮಾಡಿ ಸುಡಲಿಕ್ಕೆಂದು ಅವರ ಮೇಜಿನ ಕೆಳಗೆ ಇಡಲಾಗಿತ್ತು. "ಹದಿನಾರು ದಿನ ಅಂದ್ರೆ ಲೆಕ್ಕಕ್ಕೆ ನಾಲ್ಕೂವರೆ ಆಳು ಬರುತ್ತೆ. ಈ ಮಕ್ಕಳು ಪ್ರಶ್ನೆ ಓದದೆ, ಮನೇಲಿ ಬಾಯಿಪಾಠ ಮಾಡಿದ ಉತ್ತರ ಬರೆದಿದಾರೆ. ಕಟ್ಟು ಎಲ್ಲಿ ರೀ? ಏನು ಮಾಡಿದ್ರಿ ಅದನ್ನ? ನನ್ನ ಪ್ರೆಸ್ ಮುಚ್ಚಿಸ್ತೀರಾ?"

"ಪಾತಿಗೆ ಹಾಸಿದೆ," ಎಂದರು ಭಾವನವರು. "ಆದ್ರೆ ಹದಿನಾರು ತಪ್ಪು, ಎಂಟು ಸರಿ. ನಾನು ತಿದ್ದಿದ್ದು ಸರಿಯಾಗೇ ಇದೆಯಲ್ಲ ಸಾರ್?"

"ಪ್ರಶ್ನೆಪತ್ರಿಕೆ ಅಂತ ಗೊತ್ತಿರ್ಲಿಲ್ವಾ ನಿಮಗೆ?"

"ನಾನು ಹಿಂದಿನಿಂದ ಓದೋದಲ್ವಾ ಸಾರ್?"

"ಇಷ್ಟೊಂದು ಜನ ದಿನಾ ನಿಮ್ಮ ಮನೆಗೆ ಬಂದು ಹಾಳೆ ತಗೊಂಡು ಹೋಗೋವಾಗ?" ಎಂದರು ಹೆಡ್‌ಮಿಸ್ಸು.

ಭಾವನವರು ನಿಜವಾಗಿಯೂ ಅಚ್ಚರಿಪಟ್ಟರು. "ಹಾಳೆ ತಗೊಂಡು ಹೋಗೋಕಾ? ಇಲ್ಲ ಮೇಡಂ. ಅವರು ಬಂದಿದ್ದು ಹೂವು ನೋಡೋಕೆ."

ಆಟೋದವನು ಇಂಜಿನ್ ಆರಿಸಿ ಕತ್ತು ಹೊರಗೆ ಹಾಕಿದ. ಮೂವತ್ತು ವರ್ಷ ಸುಳ್ಳು ಹೇಳುವ ಮುಖಗಳನ್ನೇ ನೋಡಿದ ಹೆಡ್‌ಮಿಸ್ಸು ಈ ಮುಖವನ್ನು ಬಹಳ ಹೊತ್ತು ನೋಡಿದರು. ಅದರಲ್ಲಿ ಸುಳ್ಳು ಸಿಗಲಿಲ್ಲ. ಅವರಿಗೆ ಕನಿಕರ ಬಂತೆಂದು ಕಾಣುತ್ತದೆ, ಆದರೆ ಅವರು ಮೇಷ್ಟ್ರು. ಪರೀಕ್ಷೆ ಮಾಡದೆ ಯಾವುದನ್ನೂ ಬಿಡುವವರಲ್ಲ.

"ಹೂವು ನೋಡೋಕೆ! ಸರಿ, ಎಲ್ರೂ ಪಾತಿಗೆ ಬೆನ್ನು ಮಾಡಿ ನಿಂತ್ಕೊಳ್ಳಿ. ಟೈಲರಮ್ಮ, ಅಷ್ಟು ದಿನ ಇಲ್ಲಿ ಕೂತಿದ್ರಲ್ಲ, ಈ ಪಾತಿಲಿ ಯಾವ ಹೂವಿದೆ?"

ಟೈಲರಮ್ಮ ಸೆರಗು ತಿರುಚಿದಳು. "ಗುಲಾಬಿ?"

"ಕಾಂಪೌಂಡರ್?"

"ಸೂರ್ಯಕಾಂತಿ ಮೇಡಂ. ಗಿಡ್ಡ ಜಾತೀದು."

ನಾದಿನಿಗೆ ಮಲ್ಲಿಗೆ ಎನ್ನಿಸಿತ್ತು. ಇನ್ನೊಬ್ಬರು ಹೂವು ಇನ್ನೂ ಬಿಟ್ಟಿಲ್ಲವಲ್ಲ ಎಂದರು. ಒಂದೊಂದು ಉತ್ತರಕ್ಕೂ ಭಾವನವರ ಮುಖ ಒಂದೊಂದು ಇಂಚು ಇಳಿಯುತ್ತ ಬಂತು. ಕೆಲಸ ಹೋಗುವ ಭಯ ಇರಬೇಕಾದ ಜಾಗದಲ್ಲಿ ಬೇರೆಯೇ ದುಃಖ ಬಂದು ಕೂತಿತ್ತು. ಅವರು ಎಲ್ಲರನ್ನೂ ಒಮ್ಮೆ ನೋಡಿ, "ಒಬ್ರೂ ನೋಡ್ಲಿಲ್ವಾ?" ಎಂದರು. ಆಮೇಲೆ ಜಗುಲಿಯ ಕಡೆ ತಿರುಗಿ, ಸಣ್ಣ ದನಿಯಲ್ಲಿ, "ನೀನು?" ಎಂದರು.

ಅಕ್ಕ ಕೆಂಪಾದಳು. "ನಾನೆಲ್ಲಿ ಹೂವು ನೋಡ್ಲಿ? ನಿಮ್ಮ ಪಕ್ಕ ಯಾರು ಕೂತಿದಾರೆ, ಎಷ್ಟು ಹತ್ರ ಕೂತಿದಾರೆ ಅಂತ ನೋಡೋದೇ ಆಯ್ತು ನನಗೆ!"

"ಅಯ್ಯೋ ಅಕ್ಕ!" ಎಂದು ಟೈಲರಮ್ಮ ಕೈಮುಗಿದಳು. "ನನಗೆ ಗಣಿತ ಬಿಟ್ರೆ ಬೇರೇನೂ ಬೇಕಾಗಿರ್ಲಿಲ್ಲ."

ಬೇರೆ ದಿನವಾಗಿದ್ದರೆ ಅಕ್ಕನ ಮಾತಿಗೆ ಭಾವನವರು ಕುಣಿದಾಡುತ್ತಿದ್ದರು. ಈಗ ಬಗ್ಗಿ ಪಾತಿಯ ಚದುರಿದ ಚಕ್ಕೆ ಒಟ್ಟುಮಾಡತೊಡಗಿದರು. ಆಗ ಗೋಡೆಯಾಚೆಯಿಂದ ಒಂದು ಗಂಟಲು ಸರಿಮಾಡಿಕೊಂಡ ಸದ್ದು ಬಂತು.

"ಕೆಂಪು ಡೇಲಿಯಾ ಎರಡು."

ಎಲ್ಲರೂ ತಿರುಗಿದರು. ಗಾರ್ಡ್ ಸಾರ್ ಗೋಡೆಯ ಮೇಲೆ ಎರಡೂ ಕೈ ಊರಿ ನಿಂತಿದ್ದರು. ಕಣ್ಣು ಮುಚ್ಚಿತ್ತು. ಗೂಡ್ಸ್ ರೈಲಿನ ವ್ಯಾಗನ್ ಒಪ್ಪಿಸುವವರಂತೆ ಹೇಳುತ್ತ ಹೋದರು: "ಜೀನಿಯಾ ಒಂಬತ್ತು. ಅದರಲ್ಲಿ ಗುಲಾಬಿ ಬಣ್ಣದ್ದು ಐದು, ಬಿಳಿ ನಾಲ್ಕು. ಹಿಂದಿನ ಸಾಲು ಚೆಂಡುಹೂ, ಹದಿನಾಲ್ಕು ಗಿಡ. ಎಡಗಡೆಯಿಂದ ಮೂರನೇದಕ್ಕೆ ಇನ್ನೂ ಮೊಗ್ಗು. ಗೇಟಿನ ಕಡೆ ಡೇಲಿಯಾ ಹೋದ ಬುಧವಾರ ಅರಳ್ತು. ಐದೂಮುಕ್ಕಾಲು ಇಂಚು. ನನ್ನದು ಐದೂಕಾಲು."

"ಕಳೆ?" ಎಂದು ಹೆಡ್‌ಮಿಸ್ಸು ಕೇಳಿದರು.

"ಹಾಳೆ ಇರೋವರೆಗೆ ಒಂದೂ ಇರ್ಲಿಲ್ಲ ಮೇಡಂ. ದಿನಾ ಬೆಳಿಗ್ಗೆ ಹುಡುಕಿದೀನಿ."

"ನೀವ್ಯಾಕೆ ಹುಡುಕಿದ್ರಿ?"

"ಒಂದಾದ್ರೂ ಸಿಗ್ಲಿ ಅಂತ." ಗಾರ್ಡ್ ಸಾರ್ ಕಣ್ಣು ತೆರೆದರು. "ಎರಡು ವಾರದಿಂದ ನನಗೆ ಊಟ ಸೇರ್ತಿಲ್ಲ. ನಿದ್ದೆ ಇಲ್ಲ. ಆರು ವರ್ಷದ ಪಾತಿ ಮೇಡಂ ನಂದು. ಇವರು ಬಂದಿದ್ದು ಹೂವಿಗಲ್ಲ ಅಂತ ಈಗ ಗೊತ್ತಾಯ್ತು, ಸಮಾಧಾನ ಆಗ್ಬೇಕಿತ್ತು. ಆಗ್ತಿಲ್ಲ. ಆ ಡೇಲಿಯಾ ಅಲ್ಲೇ ಇದೆಯಲ್ಲ!"

ಇದಾದ ಮೇಲೆ ಹೆಡ್‌ಮಿಸ್ಸು ಬಹಳ ವಿಷಯ ಹೇಳಿದರು. ಸೋಮವಾರ ಮರುಪರೀಕ್ಷೆ ಎಂದರು. ಒಯ್ದ ಹಾಳೆಗಳನ್ನೆಲ್ಲ ನಾಳೆ ಬೆಳಿಗ್ಗೆ ಎಂಟಕ್ಕೆ ತಂದೊಪ್ಪಿಸಿ, ಕೆದಕಿದ ಹೊದಿಕೆಯನ್ನು ತಂದೆ ತಾಯಂದಿರೇ ಮತ್ತೆ ಸರಿಮಾಡಬೇಕು ಎಂದರು. ಈ ಗಲಾಟೆಯಲ್ಲಿ ತಮ್ಮ ಕೆಲಸ ಸರಿಯಾಗಿ ಮಾಡಿದವರು ಪ್ರೂಫ್ ರೀಡರ್ ಒಬ್ಬರೇ ಎಂದು ಯಜಮಾನರಿಗೆ ಹೇಳಿದರು. ಯಜಮಾನರು, ನಾಳೆಯಿಂದ ಕೆಲಸಕ್ಕೆ ಬರಬಹುದು, ಬರುವಾಗ ಚೀಲ ತರಬಾರದು, ಹೋಗುವಾಗ ಭಾವಮೈದುನನ ಸೈಕಲ್ ಪ್ರೆಸ್ಸಿನ ನೂರು ಗಜ ಹತ್ತಿರ ಕಾಣಬಾರದು ಎಂದರು. ಇದರಲ್ಲಿ ಒಂದು ಮಾತೂ ಭಾವನವರ ಕಿವಿಗೆ ಬಿದ್ದಿರಲಾರದು. ಅವರು ಆಗಲೇ ಗೋಡೆಯ ಹತ್ತಿರ ಹೋಗಿದ್ದರು.

"ಐದೂಮುಕ್ಕಾಲು ಅಂದ್ರಲ್ಲ," ಎಂದರು ಮೆಲ್ಲಗೆ. "ಕಣ್ಣಳತೆನಾ, ಇಲ್ಲ ಟೇಪ್ ಹಿಡಿದ್ರಾ?"

"ಟೇಪು. ನೀವು ಸ್ನಾನಕ್ಕೆ ಹೋದಾಗ ಗೋಡೆ ಹತ್ತಿ ಇಳಿದೆ," ಎಂದರು ಗಾರ್ಡ್ ಸಾರ್. "ಎರಡು ಸಲ ಹಿಡಿದೆ. ನಂಬಿಕೆ ಬರ್ಲಿಲ್ಲ."

"ಇನ್ನೊಂದು ಸಲ ಹಿಡೀತೀರಾ? ಎಲ್ರೂ ಇದಾರೆ."

ಗಾರ್ಡ್ ಸಾರ್ ಒಳಗೆ ಹೋಗಿ ಟೇಪು ತಂದರು. ಈ ಸಲ ಗೋಡೆ ಹತ್ತದೆ ಗೇಟಿನಿಂದ ಬಂದು, ಪಾತಿಯ ಪಕ್ಕ ಮಂಡಿಯೂರಿ ಒಂದು ತುದಿ ಹಿಡಿದರು. ಇನ್ನೊಂದು ತುದಿ ಹಿಡಿಯಲು ಅಕ್ಕ ಜಗುಲಿಯಿಂದ ಇಳಿದು ಬಂದಳು. ಹೂವಿನ ಮೇಲೆ ಬಗ್ಗಿ ಟೇಪಿನ ಗೆರೆ ನೋಡಿ, ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದಳು.

"ಆರು ಇಂಚು," ಎಂದಳು. "ಬುಧವಾರದಿಂದ ಇನ್ನೂ ಬೆಳೆದಿದೆ ರೀ!"

ಗಾರ್ಡ್ ಸಾರ್ ಟೇಪು ಕೈಬಿಟ್ಟು ಪಾತಿಯ ಇಟ್ಟಿಗೆ ಮೇಲೆ ಕೂತುಬಿಟ್ಟರು. ಭಾವನವರು ಅವರ ಹೆಗಲ ಮೇಲೆ ಕೈಯಿಟ್ಟು, ನನ್ನನ್ನು ಕರೆದು, ಸಾರ್‌ಗೆ ಒಂದು ಲೋಟ ತಣ್ಣಗಿನ ನೀರು ತಾರೋ ಎಂದರು. ಅಷ್ಟು ಸಂತೋಷದ ದನಿಯಲ್ಲಿ ಅವರು ಇನ್ನೊಬ್ಬರಿಗೆ ನೀರು ಕೊಡಿಸಿದ್ದನ್ನು ನಾನು ಮತ್ತೆಂದೂ ಕಾಣಲಿಲ್ಲ.